ಪಾಸ್‌ವರ್ಡ್ ಹೇಳಲು ಬಸ್ ಹಿಡಿದು ಹೋದದ್ದು

ನಮ್ಮವರೆಲ್ಲ ಕೇಳಿ, ಇವತ್ತು ಹಾಲಿನ ಸೊಸೈಟಿಯವರು ನನಗೆ ಫೋನ್ ಮಾಡಿದರು. ಎಲ್ಲೋ ಕುಳಿತ ಇಂಜಿನಿಯರ್ ಅವರ ಕಂಪ್ಯೂಟರನ್ನು ದೂರದಿಂದಲೇ ರಿಪೇರಿ ಮಾಡುತ್ತಿದ್ದ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ಎರಡು ವರ್ಷದ ಹಿಂದೆ ಅಲ್ಲಿನ ಕಾರ್ಯದರ್ಶಿ ಕೆಲಸದಿಂದ ನಿವೃತ್ತನಾದ ನನಗೊಬ್ಬನಿಗೇ ಗೊತ್ತು. ಕನಕಗಿರಿಯಿಂದ ಬಸ್ ಹಿಡಿದು ಹೋದೆ.

“ಫೋನ್‌ನ್ಯಾಗ ಹೇಳಿದ್ರ ನಡೀತಿತ್ತಲ್ರಿ ಕಾಕಾ,” ಎಂದಳು ಈಗಿನ ಕಾರ್ಯದರ್ಶಿ ಶರಣಮ್ಮ.

“ಅದು ಫೋನ್‌ನ್ಯಾಗ ಹೇಳೂ ಮಾತಲ್ಲವ್ವ,” ಎಂದು ನನ್ನ ಹಳೆಯ ಕುರ್ಚಿಯಲ್ಲಿ ಕುಳಿತು, ಚಹಾ ತರಿಸಿಕೊಂಡು ಕುಡಿದು, ಆಮೇಲೆ ಟೈಪ್ ಮಾಡಿದೆ.

ರಿಪೇರಿ ಮುಗಿಸಿದ ಇಂಜಿನಿಯರ್ ಫೋನಿನಲ್ಲಿ, “ಸರ್, ಇನ್ಮೇಲೆ ಮೇಡಮ್ಮೇ ಅಡ್ಮಿನ್. ನಿಮ್ಮ ಹೆಸರು ತೆಗೀತಿದೀನಿ. ಪರ್ಮಿಷನ್ ಕೇಳೋ ಬಾಕ್ಸ್ ಇಲ್ಲಿಂದ ನನಗೆ ಕಾಣಲ್ಲ, ‘ಯೆಸ್’ ನೀವೇ ಒತ್ತಿ,” ಎಂದ.

“ಒತ್ತಲೇನವ್ವ?”

“ಒತ್ರಿ ಕಾಕಾ, ಹಾಲಿನ ಗಾಡಿ ಬರೂ ಹೊತ್ತಾತು.”

ಒತ್ತಿದೆ. ಅಂದು ಶಾಲು ಹೊದಿಸಿ ಕಳಿಸಿದ್ದು ಬರೀ ಸಮಾರಂಭ. ನಾನು ನಿವೃತ್ತನಾದದ್ದು ಇವತ್ತು, ಅದೂ ನನ್ನದೇ ಬೆರಳಿನಿಂದ.