ಒಡ್ಡದ ಸೆರಗು

ಆ ಚುನಾವಣೆಯಲ್ಲಿ ನಾನು ಸೋತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಸೋತವರ ಕಥೆಯನ್ನು ಗೆದ್ದವರೇ ಹೇಳುವುದು ರೂಢಿ. ಎರಡು ಸಲ ಶಾಸಕಿಯಾದವಳು ಲೋಕಸಭೆಗೆ ನಿಂತಳು, ಸೊಕ್ಕು ಮಾಡಿದಳು, ಮಣ್ಣು ಮುಕ್ಕಿದಳು ಎಂದು ಮದ್ದೂರಿನ ಟೀ ಅಂಗಡಿಗಳಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಸೊಕ್ಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಉಳಿದದ್ದನ್ನು ನನ್ನ ಬಾಯಿಂದಲೇ ಕೇಳಿ.

ಟಿಕೆಟ್ಟು ಸಿಕ್ಕ ಮರುದಿನ ಮಂಡ್ಯದ ಪಕ್ಷದ ಕಚೇರಿಯಲ್ಲಿ ಜಿಲ್ಲೆಯ ಹಿರಿಯ ಮುಖಂಡರೊಬ್ಬರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಚುನಾವಣೆಗಳನ್ನು ಅರೆದು ಕುಡಿದ ಮನುಷ್ಯ. ಕೆಟ್ಟವರೇನಲ್ಲ. ನನ್ನನ್ನು ಪಂಚಾಯಿತಿಯಿಂದ ವಿಧಾನಸೌಧದವರೆಗೆ ತಂದವರಲ್ಲಿ ಅವರೂ ಒಬ್ಬರು.

"ನೋಡವ್ವ, ಭಾಷಣಗೀಷಣ ಎಲ್ಲಾ ನಾವ್ ನೋಡ್ಕತೀವಿ. ನೀನು ವೇದಿಕೆ ಮೇಲೆ ಸೆರಗೊಡ್ಡಿ ನಿಂತ್ಕ. ನಿಮ್ಮನೆ ಮಗಳು, ಮಡ್ಲಿಗೆ ವೋಟ್ ಆಕಿ ಅನ್ನು, ಸಾಕು. ಕಣ್ಣಲ್ಲಿ ಒಂದ್ ತೊಟ್ಟು ನೀರ್ ಬಂದ್ರೆ ಇನ್ನೂ ಒಳ್ಳೇದು. ನಮ್ ಜನ ಕರಗೋಯ್ತಾರೆ ಕಣವ್ವ."

"ಎರಡು ಸಲ ಗೆದ್ದಾಗ್ಲೂ ಸೆರಗು ಹೆಗಲ ಮೇಲೇ ಇತ್ತಲ್ಲಣ್ಣ?"

"ಅದು ತಾಲ್ಲೂಕು, ಇದು ಜಿಲ್ಲೆ. ಅಲ್ಲಿ ನಿನ್ ಮುಖ ಎಲ್ರಿಗೂ ಗೊತ್ತು. ಇಲ್ಲಿ ಎಂಗುಸ್ರು ವೋಟ್ ಬರ್ಬೇಕು ಅಂದ್ರೆ ಸೆರಗೇ ಗತಿ."

"ನೀವೂ ಒಂದ್ಸಲ ನಿಂತಿದ್ರಲ್ಲ, ಟವೆಲ್ ಒಡ್ಡಿದ್ರಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಟವೆಲ್ಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ ರೀತಿ ನೋಡಿದರೆ ಮಾತು ನಾಟಿತ್ತು. ನಮ್ಮ ಕಡೆ ಗಂಡಸರು ಮತಕ್ಕಾಗಿ ಕೈಮುಗಿಯುತ್ತಾರೆ, ಕಾಲಿಗೆ ಬೀಳುತ್ತಾರೆ, ಮೈಕಿನ ಮುಂದೆ ಗಂಟಲು ಕಟ್ಟಿಕೊಳ್ಳುತ್ತಾರೆ. ಅದೆಲ್ಲ ಅವರವರ ಇಷ್ಟ. ಹೆಂಗಸು ಸೆರಗೊಡ್ಡುವುದು ಮಾತ್ರ ಕಾನೂನು. ನಾನು ಒಡ್ಡುವುದಿಲ್ಲ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ.

ನನ್ನ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕೂಡು ಕುಟುಂಬ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಹೂಂ ಎನ್ನದೆ ಅಲ್ಲಿ ಒಲೆಯೂ ಉರಿಯುತ್ತಿರಲಿಲ್ಲ. ನಾನು ಭಾರತೀನಗರದ ಕಾಲೇಜಿಗೆ ಸೇರುತ್ತೇನೆ ಎಂದಾಗ ದೊಡ್ಡಪ್ಪ, "ಎಣ್ಣೈಕ್ಳು ಬಸ್ ಅತ್ಕಂಡ್ ಓಗಿ ಓದಿ ಏನಾಗ್ಬೇಕು?" ಎಂದು ಎದ್ದು ಹೋದರು. ಅಪ್ಪ ತಲೆ ತಗ್ಗಿಸಿ ಕೂತರು. ಮರುದಿನ ಬೆಳಗ್ಗೆ ದೊಡ್ಡಪ್ಪ ಊರಿನ ಹಿರಿಯರ ಜೊತೆ ಜಗಲಿಯಲ್ಲಿ ಕೂತಿದ್ದಾಗ ಅವ್ವ ಕೊಟ್ಟಿಗೆಯಿಂದ ಬಂದಳು. ಸಗಣಿ ಬಾಚಿದ ಕೈ ತೊಳೆದುಕೊಂಡು, ಎಲ್ಲರ ಎದುರಿಗೆ ಸೆರಗೊಡ್ಡಿ ನಿಂತಳು. ದೊಡ್ಡಪ್ಪ ಅವಳ ಮುಖ ನೋಡದೆಯೇ, "ಆಯ್ತು ಓಗಮ್ಮ, ಎಂಗ್ಸು ಸೆರಗೊಡ್ಡಿದ್ ಮೇಲೆ ಇನ್ನೇನದೆ, ಸೇರ್ಕಳ್ಲಿ" ಎಂದರು. ಕೂತಿದ್ದವರು ದೊಡ್ಡಪ್ಪನ ದೊಡ್ಡ ಮನಸ್ಸನ್ನು ಹೊಗಳಿದರು. ಬಾಗಿಲ ಸಂದಿನಲ್ಲಿ ನಿಂತಿದ್ದ ನನಗೆ ಕಾಲೇಜು ಸಿಕ್ಕಿತೆಂಬ ಸಂತೋಷವೇ ಆಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಆ ಮನೆಯ ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ಅವ್ವನ ಬೆವರಿತ್ತು. ಅವಳು ಕೇಳಬಹುದಿತ್ತು, ಬೇಡಬೇಕಾಗಿರಲಿಲ್ಲ.

ಆ ಉರಿ ಮೊದಲು ತಗುಲಿದ್ದು ಬಸ್ಸಿಗೆ. ಕೈ ಅಡ್ಡ ಹಿಡಿದರೂ ಕಾಲೇಜಿನ ಹುಡುಗಿಯರನ್ನು ಬಿಟ್ಟು ಹೋಗುತ್ತಿದ್ದ ಬಸ್ಸಿಗೆ ಒಂದು ದಿನ ರಸ್ತೆಯ ನಡುವೆಯೇ ಅಡ್ಡ ನಿಂತುಬಿಟ್ಟೆ. "ಸಾಯಕ್ಕೆ ನನ್ ಬಸ್ಸೇ ಬೇಕಾಗಿತ್ತೇನಮ್ಮ?" ಎಂದು ಡ್ರೈವರು ಕೂಗಾಡಿದ. "ಸಾಯಕ್ಕಲ್ಲ, ಬಸ್ ಅತ್ತಕ್ಕೆ" ಎಂದೆ. ಆಮೇಲೆ ಬಸ್ಸು ನಿಲ್ಲತೊಡಗಿತು. ಮದ್ದೂರು ತಾಲ್ಲೂಕಿಗೆ ಸೊಸೆಯಾಗಿ ಬಂದ ಮೇಲೆ ಮಹಿಳಾ ಮೀಸಲಾತಿ ಎಂದು ಪಂಚಾಯಿತಿಗೆ ನಿಲ್ಲಿಸಿದರು. ರಬ್ಬರ್ ಸ್ಟಾಂಪು ಸಿಕ್ಕಿತು ಎಂದುಕೊಂಡಿದ್ದವರಿಗೆ ನಾನು ಸಿಕ್ಕಿದೆ. ಶಾಸಕಿಯಾದ ಹೊಸದರಲ್ಲಿ ಊರೂರಿನಲ್ಲಿ ಹಾರವನ್ನು ನನ್ನ ಗಂಡನ ಕೊರಳಿಗೆ ಹಾಕಲು ಬರುತ್ತಿದ್ದರು. "ನಾನ್ ಡ್ರೈವರ್ ಕಣಣ್ಣ, ಎಮ್ಮೆಲ್ಲೆ ಅವ್ರು" ಎಂದು ಅವರು ಪಕ್ಕಕ್ಕೆ ಸರಿಯುತ್ತಿದ್ದರು. ಕಾರು ಓಡಿಸುತ್ತಿದ್ದದ್ದು ಅವರೇ ಆದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

ಲೋಕಸಭೆಯ ಪ್ರಚಾರ ಮದ್ದೂರಿನಿಂದ ಶುರುವಾಯಿತು. ಮುಖಂಡರು ಮೈಕು ಹಿಡಿದು, "ನಿಮ್ಮನೆ ಮಗಳು ಸೆರಗೊಡ್ಡಿ ಬೇಡ್ತಾ ಅವ್ಳೆ" ಎಂದು ನನ್ನ ಕಡೆ ತಿರುಗಿದರು. ನಾನು ಮೈಕು ಈಸಿಕೊಂಡೆ. "ಬೇಡಕ್ಕೆ ಬಂದಿಲ್ಲ, ಕೇಳಕ್ಕೆ ಬಂದಿದೀನಿ. ಹತ್ತು ವರ್ಷ ನಿಮ್ಮ ಕೆಲಸ ಮಾಡಿದೀನಿ. ಸರಿಯಾಗಿ ಮಾಡಿದ್ರೆ ಕೊಡಿ, ಇಲ್ದಿದ್ರೆ ಮುಖದ ಮೇಲೆ ಹೇಳಿ" ಎಂದೆ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಸಂಜೆ ಹೊತ್ತಿಗೆ ಸೊಕ್ಕಿನ ಹೆಂಗಸು ಎಂಬ ಹೆಸರು ನನಗಿಂತ ಮುಂದೆ ಓಡುತ್ತಿತ್ತು. ಎದುರಾಳಿಗಳು ಅದನ್ನೇ ಭಾಷಣ ಮಾಡಿಕೊಂಡರು. ನಮ್ಮ ಪಕ್ಷದವರ ಕಾರುಗಳೂ ನನ್ನ ಹಿಂದೆ ಒಂದೊಂದೇ ಕಡಿಮೆಯಾದವು. ಸೋಲು ಬರುತ್ತಿರುವುದು ನನಗೂ ಕಾಣುತ್ತಿತ್ತು, ನಾನೇನು ಕುರುಡಿಯಲ್ಲ. ಕಂಡರೂ ಬಗ್ಗಲು ಮನಸ್ಸಾಗಲಿಲ್ಲ.

ಹೀಗಿರುವಾಗ ಪ್ರಚಾರ ನನ್ನ ತವರೂರಿಗೆ ಬಂತು. ಹಳ್ಳಿಯ ಮರದ ಕೆಳಗೆ ಹೆಂಗಸರು ಮೊರ ಹಿಡಿದು ಕಾದಿದ್ದರು. ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಬಳೆ, ರವಿಕೆ ಕಣ. ಮನೆಮಗಳಿಗೆ ಕೊಡುವ ಮಡಿಲಕ್ಕಿ. ಎಲ್ಲರಿಗಿಂತ ಮುಂದೆ ಅವ್ವ ನಿಂತಿದ್ದಳು, ಬೆನ್ನು ಬಾಗಿದ್ದರೂ ಮೊರ ನೆಟ್ಟಗೇ ಇತ್ತು.

ಮಡಿಲಕ್ಕಿಯನ್ನು ಕೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ಸೆರಗಿಗೇ ಹಾಕಿಸಿಕೊಳ್ಳಬೇಕು. ಮುಖಂಡರಿಗೆ ಇದು ನನಗಿಂತ ಮೊದಲೇ ಹೊಳೆದಿತ್ತು. ಫೋಟೋದವರನ್ನು ಮುಂದಕ್ಕೆ ತಳ್ಳಿ, ನನ್ನ ಕಿವಿಯ ಹತ್ತಿರ, "ಈಗ ಒಡ್ಡವ್ವ" ಎಂದರು. ನನ್ನ ಕೈ ಸೆರಗಿನ ಅಂಚಿನ ಮೇಲೇ ಉಳಿದುಬಿಟ್ಟಿತು. ಒಡ್ಡಿದರೆ ಅವರ ಮಾತು ನಡೆಯುತ್ತದೆ, ಒಡ್ಡದಿದ್ದರೆ ಅವ್ವನ ಮೊರ ಹಾಗೇ ವಾಪಸ್ಸು ಹೋಗುತ್ತದೆ. ಇಡೀ ಊರು ನೋಡುತ್ತಿತ್ತು.

"ಯಾಕ್ ಮಗ ಇಂಗ್ ನಿಂತ್ಕಂಡೆ?" ಎಂದಳು ಅವ್ವ. "ಇದು ಭಿಕ್ಸೆ ಅಲ್ಲ. ಉಟ್ಟಿದ್ ಮನೆಲಿ ನಿಂಗಿರೋ ಅಕ್ಕು. ಈಸ್ಕ."

ಸೆರಗು ಹಿಡಿದೆ. ಅಕ್ಕಿ ಬಿದ್ದ ಭಾರಕ್ಕೆ ಕೈ ಕೆಳಗಾಯಿತು. ಪದ್ಧತಿಯಂತೆ ಅದರಲ್ಲಿ ಒಂದು ಹಿಡಿ ತೆಗೆದು ಅವ್ವನ ಮೊರಕ್ಕೆ ವಾಪಸ್ಸು ಹಾಕಿದೆ, ತವರು ತಣ್ಣಗಿರಲಿ ಎಂದು. ಮಗಳು ತೆಗೆದುಕೊಂಡೇ ಹೋಗುವವಳಲ್ಲ, ಕೊಟ್ಟೂ ಹೋಗುವವಳು. ಆದರೆ ಆ ಹಿಡಿ ಅಕ್ಕಿಯ ಹೊತ್ತಿಗೆ ಫೋಟೋದವರು ಕಾರು ಹತ್ತಿಯಾಗಿತ್ತು.

ಮಂಡ್ಯದ ಕೊನೆಯ ಸಭೆಗೆ ಹೋದರೆ ವೇದಿಕೆಯ ಹಿಂದೆ ಆ ಫೋಟೋದ್ದೇ ದೊಡ್ಡ ಬ್ಯಾನರು. ಸೆರಗು ಹಿಡಿದ ನಾನು ಇದ್ದೇನೆ, ಅವ್ವ ಇಲ್ಲ, ಮೊರ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, "ಸೆರಗೊಡ್ಡಿ ಬೇಡುತ್ತಿದ್ದೇನೆ, ಮತ ಭಿಕ್ಷೆ ನೀಡಿ." ನನ್ನನ್ನು ಬಗ್ಗಿಸಲು ಆಗದವರು ನಮ್ಮವ್ವನನ್ನು ಕತ್ತರಿಸಿ ಹಾಕಿದ್ದರು.

"ಇದನ್ನ ಬಿಚ್ಚಿಸಿ" ಎಂದೆ.

"ಬುಡವ್ವ, ಜನ ಸೇರವ್ರೆ. ಇದೊಂದೇ ಇನ್ನು ನಿನ್ ಕೈ ಇಡಿಯೋದು" ಎಂದರು ಮುಖಂಡರು.

ನಾನು ಚಪ್ಪಲಿ ಬಿಟ್ಟು, ಕುರ್ಚಿ ಎಳೆದುಕೊಂಡು ಹತ್ತಿದೆ. ನನ್ನ ಗಂಡ ಬಂದು ಕುರ್ಚಿ ಹಿಡಿದುಕೊಂಡರು. ಒಂದು ಕಡೆಯ ಹಗ್ಗ ಬಿಚ್ಚಿದ್ದೇ ಬ್ಯಾನರು ಮಡಿಚಿಕೊಂಡು ಕೆಳಗೆ ಬಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತೆ. "ಅದು ನಮ್ಮವ್ವ ನನಗೆ ಕೊಟ್ಟ ಮಡಿಲಕ್ಕಿ. ಅದನ್ನ ಭಿಕ್ಷೆ ಅಂತ ಬರೆದೋರ ಮನೇಲಿ ಮಡಿಲಕ್ಕಿ ಕೊಟ್ಟು ಕಳಿಸೋ ಹೆಣ್ಣುಮಕ್ಕಳಿಲ್ವಾ? ಬೇಡಿದ್ರೆ ಮಾತ್ರ ವೋಟು ಅನ್ನೋದಾದ್ರೆ ಆ ವೋಟು ನನಗೆ ಬೇಡ" ಎಂದೆ. ಹಿಂದಿನ ಸಾಲಿನಿಂದ ಯಾರೋ ಹೆಂಗಸು, "ಸರ್ಯಾಗ್ ಏಳ್ದೆ ಕಣಮ್ಮ" ಎಂದು ಕೂಗಿದಳು. ಅವಳು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸೋತೆ. ಫಲಿತಾಂಶದ ದಿನ ಮುಖಂಡರು ಫೋನು ಮಾಡಿ, "ಒಂದ್ಸಲ ಒಡ್ಡಿದ್ರೆ ಆ ಸೆರಗೇನ್ ಸವ್ದೋಯ್ತಿತ್ತಾ?" ಎಂದರು. "ಸೆರಗು ಸವೀತಿರ್ಲಿಲ್ಲಣ್ಣ" ಎಂದಷ್ಟೇ ಹೇಳಿ ಇಟ್ಟೆ.

ಮಾರನೇ ದಿನ ಅವ್ವನ ಹತ್ತಿರ ಹೋದೆ. ಜಗಲಿಯ ಮೇಲೆ ಹುರುಳಿ ಕೇರುತ್ತಾ ಕೂತಿದ್ದಳು, ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲೇ.

"ಸೋತ್ಯಾ?"

"ಸೋತೆ ಕಣವ್ವ."

ಮೊರ ನಿಲ್ಲಲಿಲ್ಲ. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಇಲ್ಲೇ ಅವ್ರೆಲ್ಲರ ಮುಂದೆ ಸೆರಗೊಡ್ಡಿದ್ಯಲ್ಲ. ನಿಂಗೇನೂ ಅನ್ನಿಸ್ಲಿಲ್ವಾ ಅವ್ವ?"

"ಅನ್ನುಸ್ದೆ ಇದ್ದದಾ? ಒಟ್ಟೆ ಒಳಗೆ ಬೆಂಕಿ ಬಿದ್ದಂಗಾಯ್ತು." ಅವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ನಾನ್ ಒಂದ್ಸಲ ಒಡ್ಬುಟ್ರೆ ನನ್ ಮಗ್ಳು ಯಾವತ್ತೂ ಒಡ್ಡಂಗಿಲ್ಲ ಅನ್ಕಂಡೆ. ಅದ್ಕೇಯ ಒಡ್ಡುದ್ದು."

ಪ್ರಚಾರದುದ್ದಕ್ಕೂ ಬಾರದ ಕಣ್ಣೀರು ಅಲ್ಲಿ ಬಂತು, ನೋಡಲು ಒಬ್ಬ ಫೋಟೋದವನೂ ಇರಲಿಲ್ಲ.

"ಮುಂದ್ಲು ಸಲಾನೂ ನಿಂತ್ಕತೀಯಾ?" ಎಂದಳು.

"ನಿಂತ್ಕತೀನಿ."

"ಊಂ, ನಿಂತ್ಕ. ಈಗ ಉಣ್ಣೇಳು" ಎಂದು ಮೊರ ಗೋಡೆಗೆ ಒರಗಿಸಿ, ಮುದ್ದೆಗೆ ಎಸರಿಡಲು ಅವ್ವ ಒಳಗೆ ಹೋದಳು.