ಹಾಲು ಉಕ್ಕಿದ ಜಾಗ

ಮಧ್ಯಾಹ್ನದ ಹೊತ್ತಿಗೆ ಮಾಮಿಯ ಎಡ ಹೆಗಲ ಮೇಲೆ ಒಂದಿಷ್ಟು ಮಸಿ ಉದುರಿರುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಮ್ಮ ಇನ್ಶೂರೆನ್ಸ್ ಆಫೀಸು ಇದ್ದದ್ದು ಎಗ್ಮೋರಿನ ಒಂದು ಹಳೆಯ ಬಂಗಲೆಯಲ್ಲಿ. ಮ್ಯಾನೇಜರಿಗೆ ಹಜಾರ, ಅಕೌಂಟ್ಸಿನವರಿಗೆ ಮಲಗುವ ಕೋಣೆ, ಟೈಪಿಸ್ಟ್ ಹೆಂಗಸರಿಗೆ ಅಡಿಗೆಮನೆ. ಹೆಡ್ ಟೈಪಿಸ್ಟ್ ಆಗಿದ್ದ ಮಾಮಿಯ ಮೇಜು ಹೊಗೆಗೂಡಿನ ಕೆಳಗೇ ಇತ್ತು. ಕಿಟಕಿ ಎಂಬುದೇ ಇರಲಿಲ್ಲ. ಮೇ ತಿಂಗಳಲ್ಲಿ ಬೆವರು ಕಾಗದದ ಮೇಲೆ ತೊಟ್ಟಿಕ್ಕಿ, ಮಾಡಿದ್ದನ್ನೇ ಮತ್ತೆ ಟೈಪು ಮಾಡುತ್ತಿದ್ದೆವು.

ಇಡೀ ಆಫೀಸು ನಮ್ಮನ್ನು 'ಅಡಿಗೆಮನೆ ಸೆಕ್ಷನ್' ಎಂದೇ ಕರೆಯುತ್ತಿತ್ತು. "ಇನ್ನಿಕ್ಕಿ ಎನ್ನ ಸಮೈಯಲ್?", ಇವತ್ತೇನು ಅಡಿಗೆ, ಎಂದು ಹಜಾರದಿಂದ ಯಾರಾದರೂ ಕೂಗಿದರೆ ನನಗೆ ಮೈ ಉರಿಯುತ್ತಿತ್ತು. ಮಾಮಿ ಮಾತ್ರ ಕಣ್ಣೆತ್ತದೆ, "ಉಂಗ ಮೆಮೋದಾನ್ ವೇಗುದು" ಎನ್ನುತ್ತಿದ್ದರು, ನಿಮ್ಮ ಮೆಮೋನೇ ಬೇಯ್ತಿದೆ ಅಂತ. ಮೈಲಾಪೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು ಅವರು.

ಎಂಬತ್ತರ ದಶಕದಲ್ಲಿ ಆಫೀಸು ಹೊಸ ಬಹುಮಹಡಿ ಕಟ್ಟಡಕ್ಕೆ ಹೋಗುವುದೆಂದಾಯಿತು. ಗೋಡೆಗೆ ನಕ್ಷೆ ಅಂಟಿಸಿದರು. ಪೂರ್ವದ ಕಿಟಕಿಗಳೆಲ್ಲ ಆಫೀಸರುಗಳಿಗೆ, ಟೈಪಿಸ್ಟರಿಗೆ ಲಿಫ್ಟಿನ ಹಿಂದಿನ ಕತ್ತಲೆ. ಮಾಮಿ ಹೋಗಿ ನಮಗೂ ಒಂದು ಕಿಟಕಿ ಕೇಳಿದ್ದಕ್ಕೆ ಮ್ಯಾನೇಜರು, "ಫ್ಯಾನ್ ಇರುಕ್ಕೇ, ಮಾಮಿ" ಎಂದರು, ಫ್ಯಾನ್ ಇದೆಯಲ್ಲ ಅಂತ.

ಮಾಮಿ ವಾಪಸ್ಸು ಬಂದು ನನಗೆ ಹೇಳಿದ್ದು ಇಷ್ಟೇ: "ಶಿಫ್ಟಿಂಗ್ ದಿವಸ ಸೀಕ್ರಮಾ, ಎಲ್ಲರಿಗಿಂತ ಮುಂಚೆ ಬಂದ್ಬಿಡೇ. ಹಾಲು ತಗೊಂಬಾ."

ಆ ಬೆಳಿಗ್ಗೆ ನಾವು ಹೆಂಗಸರೇ ಮೊದಲು ಹೋದೆವು. ಎಲ್ಲಕ್ಕಿಂತ ದೊಡ್ಡ ಕಿಟಕಿಯ ಕೆಳಗೆ ಮಾಮಿ ರಂಗೋಲಿ ಹಾಕಿ, ಬತ್ತಿ ಸ್ಟವ್ ಹಚ್ಚಿ, ಹಾಲಿಟ್ಟರು. ಮ್ಯಾನೇಜರು ಬರುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಅವರು ತಮಗೇ ತಿಳಿಯದಂತೆ ಶೂ ಬಿಚ್ಚಿ ಕೈಮುಗಿದರು. ಸಕ್ಕರೆ ಹಾಕಿದ ಹಾಲನ್ನೂ ಕುಡಿದರು. ಆಮೇಲೆ ಲಿಫ್ಟಿನ ಕಡೆ ಕೈ ತೋರಿಸಿ, ನಿಮ್ಮ ಮೇಜುಗಳು ಅಲ್ಲಿಗೆ ಎಂದರು.

ಮಾಮಿ ಕದಲಲಿಲ್ಲ. ತಮಿಳಿನಲ್ಲಿ ಅವರು ಹೇಳಿದ್ದು ನನಗೆ ಕನ್ನಡದಲ್ಲೇ ನೆನಪಿದೆ: "ಹಾಲು ಉಕ್ಕಿದ ಜಾಗ ಅಡಿಗೆಮನೆ, ಸಾರ್. ನಾವು ಅಡಿಗೆಮನೆ ಸೆಕ್ಷನ್. ನೀವೇ ಇಟ್ಟ ಹೆಸರು."

"ಇದು ಆಫೀಸ್, ಮಾಮಿ!"

"ಹಾಗಾದ್ರೆ ಶೂ ಯಾಕೆ ಬಿಚ್ಚಿದ್ರಿ?"

ಮಾಮಿಗೆ ಮೆಮೋ ಬಂತು. ಅದನ್ನು ಟೈಪು ಮಾಡಿದವರೂ ಮಾಮಿಯೇ, ಮ್ಯಾನೇಜರ ಇಂಗ್ಲಿಷನ್ನು ಅಲ್ಲಲ್ಲಿ ತಿದ್ದಿ. ಆಮೇಲೆ ಅವರಿಗೆ ಪ್ರಮೋಷನ್ ಸಿಗಲೇ ಇಲ್ಲ. ನಮಗೆ ಮಾತ್ರ ಕಿಟಕಿ ಉಳಿಯಿತು, ಸಮುದ್ರದ ಕಡೆಯ ಗಾಳಿಯೂ ಬಂತು.

ರಿಟೈರಾದ ಕೆಲವೇ ವರ್ಷಕ್ಕೆ ಮಾಮಿ ಕೀಲ್ಪಾಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವಾರ ಹೊಸ ಮ್ಯಾನೇಜರು ಬಡಗಿಯನ್ನು ಕರೆತಂದು, ನಮ್ಮ ಕಿಟಕಿಯ ಜಾಗವನ್ನು ತಮ್ಮ ಕ್ಯಾಬಿನ್ನಿಗೆಂದು ಅಳೆಸತೊಡಗಿದರು. ಮೇಲಿನವರಿಗೆ ಎಂದೂ ಎದುರು ಮಾತಾಡದವಳು ನಾನು. ಆದರೂ ಎದ್ದು ನಿಂತೆ.

"ಸಾರ್, ಮೊದಲು ಶೂ ಬಿಚ್ಚಿ. ಇದು ನಮ್ಮ ಅಡಿಗೆಮನೆ."