ಕೂದಲೆಳೆ ಬಡಗಿ

ಊಟದ ಮೇಜಿನ ನಡುವೆ ಬಟ್ಟಲುಗಳನ್ನು ಹೊತ್ತು ಗಿರಗಿರನೆ ತಿರುಗುವ ಮರದ ಮಣೆ ಮಾಡುವ ಈ ಬಡಗಿಗೆ ಬೀದಿಯವರಿಟ್ಟ ಹೆಸರು ಕೂದಲೆಳೆ. ಕಪ್ಪು ಬಿಳಿ ಮರದ ತ್ರಿಕೋನಗಳನ್ನು ನಕ್ಷತ್ರದಂತೆ ಜೋಡಿಸುವಾಗ ಕೂದಲೆಳೆಯಷ್ಟು ಸಂದು ಕಂಡರೂ ಇಡೀ ಮಣೆಯನ್ನೇ ಬಿಚ್ಚುತ್ತಾನೆ. ಗಿರಾಕಿ ಅವಸರಪಡಿಸಿದರೆ, "ಊಟ ಎಲ್ಲೂ ಓಡಿಹೋಗಲ್ಲ ಸ್ವಾಮಿ" ಎನ್ನುತ್ತಾನೆ. ಇಂಥವನ ಮನೆಯ ಮಣೆಯಲ್ಲೇ ಒಂದು ತ್ರಿಕೋನ ತಲೆಕೆಳಗಾಗಿ ಕೂತಿದೆ. ಅದನ್ನು ಕೂರಿಸಿದವನು ಅವನ ಅಣ್ಣ. ಅದಕ್ಕೆ ಇವನು ಎಲ್ಲರೆದುರು ನಕ್ಕನೆಂದು ಅಣ್ಣ ಮಾತು ಬಿಟ್ಟು ಒಂಬತ್ತು ವರ್ಷವಾಯಿತು, ಊಟ ಮಾತ್ರ ಈಗಲೂ ಒಂದೇ ಮೇಜಿನಲ್ಲಿ. "ಅದೊಂದನ್ನ ಕಿತ್ತು ಸರಿ ಮಾಡ್ಬಾರ್ದಾ?" ಎಂದು ಹೆಂಡತಿ ಕೇಳಿದರೆ, "ಸರಿಯಾಗೇ ಇದೆ ಬಿಡೇ" ಎನ್ನುತ್ತಾನೆ. ದಿನವೂ ಉಪ್ಪಿನ ಬಟ್ಟಲನ್ನು ಆ ತ್ರಿಕೋನದ ಮೇಲಿಟ್ಟು, ಅಣ್ಣ ಉಪ್ಪಿಗಾಗಿ ತಲೆಯೆತ್ತುವ ಮೊದಲೇ ಮಣೆಯನ್ನು ಮೆಲ್ಲಗೆ ಅವನತ್ತ ತಿರುಗಿಸುತ್ತಾನೆ.